ಮಂಡ್ಯದ ಬೆಲ್ಲ ಗೂಗಲ್‌ನಲ್ಲಿ ಸಿಗಬೇಕು ಅಂದರೆ

ಮೈಸೂರು, ಮಂಡ್ಯ ಕಡೆಯ ಸಣ್ಣ ವ್ಯಾಪಾರದವರ ವೆಬ್‌ಸೈಟಿಗೆ ಬರೆದುಕೊಡುವುದು ನನ್ನ ಕೆಲಸ. ಬರುವವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಗೂಗಲ್‌ನಲ್ಲಿ ನಮ್ಮದು ಮೇಲೆ ಬರಬೇಕು, ಎಷ್ಟಾಗುತ್ತೆ ಹೇಳಿ." ದುಡ್ಡಿನ ಮಾತು ಆಮೇಲೆ. ನಾನು ಮೊದಲು ಕೇಳುವುದು, ನಿಮಗೆ ಫೋನ್ ಮಾಡುವವರು ಏನೇನು ಕೇಳುತ್ತಾರೆ ಅಂತ. ಸೈಟಿಗೆ ಬೇಕಾದ ಬರಹ ಬಹುಪಾಲು ಅಲ್ಲೇ ಇರುತ್ತದೆ.

ಮದ್ದೂರು ಕಡೆಯ ಆಲೆಮನೆಯವರೊಬ್ಬರ ಸೈಟನ್ನೇ ನೋಡಿ. ಮೊದಲ ಪುಟದಲ್ಲಿ "ಗುಣಮಟ್ಟವೇ ನಮ್ಮ ಧ್ಯೇಯ" ಅಂತ ಇತ್ತು. ಅದರ ಕೆಳಗೆ ಮಂಡ್ಯ ಬೆಲ್ಲ, ಬೆಸ್ಟ್ ಮಂಡ್ಯ ಬೆಲ್ಲ, ಮಂಡ್ಯ ಸಾವಯವ ಬೆಲ್ಲ, ಮಂಡ್ಯ ಬೆಲ್ಲ ಆನ್‌ಲೈನ್ ಅಂತ ಅದದೇ ಪದಗಳನ್ನು ಯಾರೋ ತುಂಬಿಸಿದ್ದರು. ಇದನ್ನು ಓದಿ ಯಾರು ಬೆಲ್ಲ ಕೊಳ್ಳುತ್ತಾರೆ? ಗೂಗಲ್ ಕೂಡ ಇದಕ್ಕೆ ಮರುಳಾಗುವ ಕಾಲ ಹೋಯಿತು. ಪುಟದ ಒಳಗೆ ಅಡಗಿಸಿಡುವ ಹುಡುಕುಪದಗಳ ಪಟ್ಟಿಯನ್ನು, ಅಂದರೆ ಕೀವರ್ಡ್ ಟ್ಯಾಗನ್ನು, ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಅದು 2009ರಲ್ಲೇ ಹೇಳಿಬಿಟ್ಟಿದೆ. 2011ರಲ್ಲಿ ತನ್ನ ಹುಡುಕಾಟದಲ್ಲಿ ಪಾಂಡಾ ಅನ್ನುವ ಬದಲಾವಣೆ ತಂದು ಹುರುಳಿಲ್ಲದ ಪುಟಗಳನ್ನು ಕೆಳಕ್ಕೆ ತಳ್ಳಿತು.

ಆ ಆಲೆಮನೆಯವರಿಗೆ ಬರುತ್ತಿದ್ದ ಪ್ರಶ್ನೆಗಳು ಎಷ್ಟು ಚೆನ್ನಾಗಿದ್ದವು ಗೊತ್ತಾ? ನಿಮ್ಮ ಬೆಲ್ಲ ಯಾಕೆ ಇಷ್ಟು ಕಪ್ಪಗಿದೆ? ಮಳೆಗಾಲದಲ್ಲಿ ಯಾಕೆ ನೀರು ಬಿಡುತ್ತೆ? ಪಾಯಸಕ್ಕೆ ಹಾಕಿದರೆ ಹಾಲು ಒಡೆಯುತ್ತಾ? ಅವರು ಒಂದೊಂದಕ್ಕೂ ನಿಂತ ಕಾಲಲ್ಲೇ ಉತ್ತರ ಕೊಟ್ಟರು. ಹೈಡ್ರೋಸ್ ಅನ್ನುವ ಕೆಮಿಕಲ್ ಹಾಕಿದರೆ ಬೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ, ನಾವು ಅದನ್ನು ಹಾಕುವುದಿಲ್ಲ, ಬೆಂಡೆ ಗಿಡದ ಲೋಳೆ ಹಾಕಿ ಕಬ್ಬಿನ ಹಾಲಿನ ಕೊಳೆ ತೆಗೆಯುತ್ತೇವೆ, ಅದಕ್ಕೇ ಈ ಬಣ್ಣ ಅಂದರು. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ ಅಂದರು. ಪಾಯಸ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಿ ಅಂದರು. ಕೊಪ್ಪರಿಗೆ ಮುಂದೆ ವರ್ಷಗಟ್ಟಲೆ ನಿಂತವರು ಮಾತ್ರ ಹೀಗೆ ಹೇಳಬಲ್ಲರು, ಅಲ್ವಾ? ಇಷ್ಟೆಲ್ಲ ಗೊತ್ತಿರುವ ಮನುಷ್ಯನ ಸೈಟಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಗೂಗಲ್ ತನ್ನ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಹೊಸದಾಗಿ ಸೇರಿಸಿದ್ದು ಇದನ್ನೇ: ಬರೆದವರಿಗೆ ಆ ವಿಷಯದ ಸ್ವಂತ ಅನುಭವ ಇದೆಯಾ ಅನ್ನುವುದನ್ನು. 2024ರ ಮಾರ್ಚ್‌ನಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಓದುವವರಿಗೆ ಉಪಯೋಗವಿಲ್ಲದ ಪುಟಗಳನ್ನು ರ‍್ಯಾಂಕಿಂಗ್ ಆಸೆಗೆ ರಾಶಿ ರಾಶಿಯಾಗಿ ಹಾಕುವುದು ಸ್ಪಾಮ್ ಅಂತಲೇ ನಿಯಮ ಮಾಡಿತು, ಅದನ್ನು ಮನುಷ್ಯ ಬರೆದಿರಲಿ ಯಂತ್ರ ಬರೆದಿರಲಿ. ಹಾಗಾಗಿ ಓದುವವರಿಗೆ ಒಂದು, ಗೂಗಲ್‌ಗೆ ಒಂದು ಅಂತ ಎರಡು ಬಗೆ ಬರೆಯುವ ಅಗತ್ಯವೇ ಇಲ್ಲ.

ಪ್ರಶ್ನೆಯನ್ನು ಜನ ಕೇಳುವ ಮಾತಿನಲ್ಲೇ ತಲೆಬರಹ ಮಾಡಿ. ಉತ್ತರವನ್ನು ಅದರ ಕೆಳಗಿನ ಮೊದಲ ಎರಡು ಸಾಲಿನಲ್ಲೇ ಕೊಟ್ಟು, ವಿವರ ಆಮೇಲೆ ಬರೆಯಿರಿ. ನೀವು "ಸಾವಯವ" ಅಂತೀರಿ, ಕೊಳ್ಳುವವರು ಹುಡುಕುವುದು "ಕೆಮಿಕಲ್ ಇಲ್ಲದ ಬೆಲ್ಲ" ಅಂತ. ಎರಡೂ ಪುಟದಲ್ಲಿರಲಿ, ಆದರೆ ಸಹಜವಾಗಿ ಬಂದ ಕಡೆ ಮಾತ್ರ. ಬೆಲೆ ಬರೆಯಿರಿ, ದಯವಿಟ್ಟು. "ಬೆಲೆಗಾಗಿ ಕರೆ ಮಾಡಿ" ಅಂದರೆ ಜಾಸ್ತಿ ಜನ ಕರೆ ಮಾಡುವುದಿಲ್ಲ, ಸುಮ್ನೆ ಪಕ್ಕದ ಸೈಟಿಗೆ ಹೋಗುತ್ತಾರೆ. ಮಾರುಕಟ್ಟೆ ದರ ಏರಿಳಿಯುತ್ತದೆ ಅನ್ನುವುದಾದರೆ ಯಾವ ತಾರೀಖಿನ ಬೆಲೆ ಅಂತ ಪಕ್ಕದಲ್ಲೇ ಹಾಕಿ.

ಕನ್ನಡದ ಸೈಟುಗಳಲ್ಲಿ ಕಾಣುವ ಕೆಲವು ತೊಂದರೆಗಳಿವೆ, ಅವು ಜಾಸ್ತಿ ಯಾರ ಗಮನಕ್ಕೂ ಬರುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಬರಹವನ್ನು ಹಾಗೇ ಎತ್ತಿ ಸೈಟಿಗೆ ಹಾಕಿದರೆ, ಫಾಂಟ್ ಇದ್ದ ಕಡೆ ಕನ್ನಡ ಕಾಣಬಹುದು, ಆದರೆ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ, ಗೂಗಲ್‌ಗೆ ಅದರಲ್ಲಿ ಒಂದು ಕನ್ನಡ ಪದವೂ ಸಿಗುವುದಿಲ್ಲ. ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಬೇಕು, ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಸರಿಯಾಗಿವೆಯಾ ಅಂತ ಒಮ್ಮೆ ಕೂತು ಓದಬೇಕು. ವಾಟ್ಸಾಪ್‌ಗೆ ಮಾಡಿಸಿದ ಪೋಸ್ಟರ್ ಚಿತ್ರವನ್ನೇ ಪುಟ ಅಂತ ಹಾಕುವುದೂ ಹಾಗೇ. ಬೆಲೆ, ವಿಳಾಸ, ಸಮಯ ಎಲ್ಲ ಚಿತ್ರದೊಳಗೆ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಅಕ್ಷರದಲ್ಲಿ ಬರೆಯಿರಿ. ಫೋಟೋ ಹಾಕಿದರೆ ಅದರಲ್ಲಿ ಏನಿದೆ ಅಂತ ಆಲ್ಟ್ ಟೆಕ್ಸ್ಟ್ ಅನ್ನುವ, ಚಿತ್ರದ ವಿವರಣೆಯ ಜಾಗದಲ್ಲಿ ಒಂದು ಸಾಲು ಬರೆಯಿರಿ, ಕಣ್ಣು ಕಾಣದವರ ಫೋನ್ ಓದಿ ಹೇಳುವುದು ಆ ಸಾಲನ್ನೇ.

ಪುಟದ ವಿಳಾಸ ಕನ್ನಡ ಅಕ್ಷರದಲ್ಲಿ ಇರಬಹುದು, ತಪ್ಪೇನಿಲ್ಲ. ಆದರೆ ಅದನ್ನು ಕಾಪಿ ಮಾಡಿ ಕಳಿಸಿದಾಗ ಒಂದೊಂದು ಕನ್ನಡ ಅಕ್ಷರವೂ ಪರ್ಸೆಂಟ್ ಗುರುತು, ಅಂಕಿಗಳಾಗಿ ಒಡೆದು ಮಾರುದ್ದ ಬೆಳೆಯುತ್ತದೆ. ಅಂಥ ಲಿಂಕ್ ನೋಡಿ ಜನ ಮುಟ್ಟಲು ಹೆದರುತ್ತಾರೆ. ನಾನಂತೂ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡುತ್ತೇನೆ, ತಲೆಬರಹ ಕನ್ನಡದಲ್ಲಿ.

ಟೈಟಲ್ ಜಾಗದಲ್ಲಿ "ಹೋಮ್" ಅಂತ ಬಿಟ್ಟವರು ಎಷ್ಟು ಜನ! ಹುಡುಕಿದವರಿಗೆ ಮೊದಲು ಕಾಣುವುದು ಬಹಳ ಸಲ ಅದೇ. "ಹೈಡ್ರೋಸ್ ಹಾಕದ ಮಂಡ್ಯ ಬೆಲ್ಲ, ಆಲೆಮನೆಯಿಂದ ನೇರ" ಅಂತ ಇದ್ದರೆ ಒತ್ತಬೇಕೋ ಬೇಡವೋ ಅಂತ ಅವರಿಗೆ ಆಗಲೇ ಗೊತ್ತಾಗುತ್ತದೆ. ಅದರ ಕೆಳಗಿನ ವಿವರಣೆಯ ಸಾಲುಗಳಿಂದ ರ‍್ಯಾಂಕ್ ಏರುವುದಿಲ್ಲ, ಆದರೆ ಓದಿ ಒಳಗೆ ಬರುವವರು ಹೆಚ್ಚುತ್ತಾರೆ.

ಇಷ್ಟು ಮಾಡಿದ ಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ ಸೈಟನ್ನು ಸೇರಿಸಿ, ಅದಕ್ಕೆ ದುಡ್ಡಿಲ್ಲ. ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅನ್ನುವುದು ಅಲ್ಲಿ ಸಿಗುತ್ತದೆ. ಪುಟ ತುಂಬಾ ಸಲ ಕಾಣಿಸಿಯೂ ಯಾರೂ ಒತ್ತುತ್ತಿಲ್ಲ ಅಂದರೆ ಮೊದಲು ಟೈಟಲ್ ತಿದ್ದಿ ನೋಡಿ. ನೀವು ಬರೆಯದ ಪ್ರಶ್ನೆ ಆ ಪಟ್ಟಿಯಲ್ಲಿ ಕಂಡರೆ, ಅದರ ಉತ್ತರಕ್ಕೆ ಒಂದು ಹೊಸ ಪುಟ ಮಾಡಿ.