ಅಜ್ಜಿಯ ಬೋಗುಣಿ, ಸ್ಟ್ರಾಬೆರಿ ಸಂಜೆ

ಜೂನ್ ತಿಂಗಳ ಒಂದು ಭಾನುವಾರ ಚರ್ಚಿಗೆ ಹೋದರೆ ಗಾಯನಮಂಡಳಿಯ ಬೆಂಚುಗಳು ಖಾಲಿ. ಯಾರೋ ತೀರಿಕೊಂಡಿರಬೇಕು, ಎಲ್ಲರೂ ಅಲ್ಲಿಗೆ ಹೋಗಿರಬೇಕು ಅಂದುಕೊಂಡೆ. ಪಕ್ಕದವರನ್ನು ಕೇಳಿದೆ. "ಅವರಿಗೆ ಸೆಪ್ಟೆಂಬರ್‌ವರೆಗೆ ರಜೆ" ಅಂದರು. ಆವತ್ತು ರಾತ್ರಿ ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲೇ, ಅಲ್ಲಿ ದೇವರಿಗೂ ಬ್ಯಾಸಗಿ ಸೂಟಿ ಐತೇನು?" ಅಂದಳು. ಧಾರವಾಡದಲ್ಲಿ ಆಗಲೇ ಜಿಟಿಜಿಟಿ ಮಳೆ ಹಿಡಿದಿತ್ತು. ಇಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಬೇಸಿಗೆ ಈಗಷ್ಟೇ ಕಣ್ಣು ಬಿಡುತ್ತಿತ್ತು. ರಾತ್ರಿ ಒಂಬತ್ತಾದರೂ ಬೆಳಕು.

ಇದು ಎಂಟು ವರ್ಷದ ಹಿಂದಿನ ಮಾತು. ಆಗ ನನಗೆ ಇಲ್ಲಿನ ಬೇಸಿಗೆಯ ಗುಟ್ಟು ತಿಳಿದಿರಲಿಲ್ಲ.

ನಾವು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಮೂಲದವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನರಿಗಳು ಮೂರು ವರ್ಷಕ್ಕೆ ಘಟ್ಟ ಹತ್ತಿ ಧಾರವಾಡಕ್ಕೆ ಬಂದರು. ಕಿಟೆಲ್ ಅವರ 1894ರ ನಿಘಂಟು ನಮ್ಮ ಮನೆಯಲ್ಲಿ ಬೈಬಲ್ಲಿನ ಪಕ್ಕದಲ್ಲೇ ಇರುತ್ತಿತ್ತು, ಸುಮಾರು ಅಷ್ಟೇ ಗೌರವದಿಂದ. ಇಲ್ಲಿಗೆ ಬಂದ ಮೇಲೆ ಯಾವ ಚರ್ಚಿಗೆ ಹೋಗುವುದು ಅಂತ ಅಪ್ಪನನ್ನು ಕೇಳಿದರೆ, "ಪ್ರೆಸ್ಬಿಟೇರಿಯನ್ ಇದ್ರ ಅಲ್ಲಿಗೇ ಹೋಗ್ರಿ. ಸ್ವಿಸ್ ಮಂದಿಯ ಕಡೆಯಿಂದ ನೋಡಿದ್ರ ನಮ್ಮ ಬಳಗಾನೇ" ಅಂದ. ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಹುಡುಕುವ ಕಷ್ಟವೇ ಇಲ್ಲ. ಹದಿನೆಂಟನೇ ಶತಮಾನದಲ್ಲಿ ಐರ್ಲೆಂಡಿನ ಅಲ್ಸ್ಟರ್ ಕಡೆಯಿಂದ ಬಂದ ಸ್ಕಾಟಿಷ್ ಮೂಲದವರು ಈ ಗುಡ್ಡಗಳಲ್ಲಿ ನೆಲೆ ನಿಂತು, ತಿರುವಿಗೊಂದು ಪ್ರೆಸ್ಬಿಟೇರಿಯನ್ ಚರ್ಚು ಕಟ್ಟಿಬಿಟ್ಟಿದ್ದಾರೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಒಂದಿತ್ತು. ಅಲ್ಲಿಗೇ ಹೋದೆವು.

ಮೊದಲ ತಿಂಗಳೇ ಮುಖಭಂಗ. ಕರ್ತನ ಪ್ರಾರ್ಥನೆಯಲ್ಲಿ ನಾವು ಕನ್ನಡದಲ್ಲಿ "ತಪ್ಪುಗಳನ್ನು ಕ್ಷಮಿಸು" ಅನ್ನುತ್ತೇವೆ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿತದ್ದು "ಟ್ರೆಸ್‌ಪಾಸಸ್". ಪ್ರೆಸ್ಬಿಟೇರಿಯನ್ನರು ಅಲ್ಲಿ "ಡೆಟ್ಸ್" ಅನ್ನುತ್ತಾರೆ, ಅಂದರೆ ಸಾಲ. ಒಂದೇ ಉಸಿರಿನ ಪದ. ಎಲ್ಲರೂ ಮುಗಿಸಿ ನಿಂತಾಗ ನನ್ನ ದನಿಯೊಂದೇ ಖಾಲಿ ಜಾಗದಲ್ಲಿ "ಪಾಸಸ್" ಅಂತ ಮುಂದೆ ಹೋಯಿತು. ನನ್ನ ಗಂಡ ಗದಗ ಕಡೆಯ ರೈತರ ಮನೆಯವನು. "ಸಾಲಮನ್ನಾ ಕೇಳೂ ಪ್ರಾರ್ಥನಾ ಇದು, ನಮ್ಮ ಮಂದಿಗೆ ಹೇಳಿ ಮಾಡಿಸಿದ್ದು" ಅಂತ ಇವತ್ತಿಗೂ ನಗುತ್ತಾನೆ.

ಪ್ರೆಸ್ಬಿಟೇರಿಯನ್ ಎಂಬ ಹೆಸರಿನ ಅರ್ಥವನ್ನೂ ಇಲ್ಲೇ ಸೇರಿಸಿಬಿಡುತ್ತೇನೆ. ಗ್ರೀಕಿನಲ್ಲಿ 'ಪ್ರೆಸ್ಬಿಟೆರೋಸ್' ಅಂದರೆ ಹಿರಿಯ. ಇಲ್ಲಿ ಬಿಷಪ್ ಇಲ್ಲ. ಸಭೆ ಮತ ಹಾಕಿ ಆರಿಸಿದ ಹಿರಿಯರು ಬೋಧಕರ ಜೊತೆ ಕೂತು ಎಲ್ಲವನ್ನೂ ತೀರ್ಮಾನಿಸುತ್ತಾರೆ. ಆ ಕೂಟಕ್ಕೆ ಸೆಷನ್ ಅಂತ ಹೆಸರು. ಎಲ್ಲವೂ ಮರ್ಯಾದೆಯಿಂದ, ಕ್ರಮವಾಗಿ ನಡೆಯಬೇಕು ಎಂಬ, ಬೈಬಲ್ಲಿನಲ್ಲಿ ಬರುವ ಪೌಲನ ಮಾತನ್ನು ಇವರು ಹೆಮ್ಮೆಯಿಂದಲೂ ಹೇಳುತ್ತಾರೆ, ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳಲೂ ಹೇಳುತ್ತಾರೆ. ಗೇಲಿಗೆ ಕಾರಣವಿದೆ. ಸ್ಟ್ರಾಬೆರಿ ಸಂಜೆಗೆ ಎಷ್ಟು ಕುರ್ಚಿ ಹಾಕಬೇಕು ಎಂಬುದಕ್ಕೂ ಒಬ್ಬರು ಸೂಚಿಸಿ, ಇನ್ನೊಬ್ಬರು ಅನುಮೋದಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆ ಸ್ಟ್ರಾಬೆರಿ ಸಂಜೆಯಿಂದಲೇ ನನಗೆ ಇಲ್ಲಿನ ಬೇಸಿಗೆ ಅರ್ಥವಾಗತೊಡಗಿದ್ದು.

ಈ ಭಾಗದಲ್ಲಿ ಸ್ಟ್ರಾಬೆರಿ ಸುಗ್ಗಿ ಜೂನ್ ತಿಂಗಳಲ್ಲಿ ಎರಡು ಮೂರು ವಾರ, ಅಷ್ಟೇ. ಅಂಗಡಿಯಲ್ಲಿ ವರ್ಷವಿಡೀ ಸಿಗುವ ದಪ್ಪ, ಸಪ್ಪೆ ಹಣ್ಣಲ್ಲ. ಹತ್ತಿರದ ತೋಟದಿಂದ ಬರುವ, ಎರಡು ದಿನಕ್ಕೆ ಮೆತ್ತಗಾಗುವ ಸಣ್ಣ ಹಣ್ಣು. ಚರ್ಚಿನ ಹುಲ್ಲುಹಾಸಿನ ಮೇಲೆ ಉದ್ದ ಮೇಜು ಹಾಕಿ, ಊರವರಿಗೆಲ್ಲ ಶಾರ್ಟ್‌ಕೇಕು, ಮೇಲೆ ಸಕ್ಕರೆಯಲ್ಲಿ ನೆನೆದ ಹಣ್ಣು, ಕೆನೆ. ಮೊದಲ ವರ್ಷ ಚೀಟಿ ಕೊಂಡು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ತಿಂದು, ಎಲ್ಲರಿಗೂ ನಕ್ಕು ಮನೆಗೆ ಬಂದೆ. ಎಲ್ಲರೂ ಬಹಳ ಚೆನ್ನಾಗಿ ಮಾತಾಡಿಸಿದರು. ಆದರೂ ಮದುವೆ ಮನೆಗೆ ಹೋಗಿ ಉಂಡು ಬಂದ ದೂರದ ನೆಂಟರ ಹಾಗೆ ಅನ್ನಿಸಿತು.

ಎರಡನೇ ವರ್ಷ ಅರ್ಧ ಗಂಟೆ ಮೊದಲೇ ಹೋಗಿ, ಯಾರನ್ನೂ ಕೇಳದೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಎಂಬತ್ತು ದಾಟಿದ ಒಬ್ಬರು ಅಜ್ಜಿ ಅಲ್ಲಿನ ಯಜಮಾನಿ. ಏನೂ ಮಾತಾಡದೆ ನನ್ನ ಕೈಗೊಂದು ಸಣ್ಣ ಚಾಕು ಕೊಟ್ಟು ಕುರ್ಚಿ ತೋರಿಸಿದರು. ಮೇಜಿನ ಸುತ್ತ ಹತ್ತು ಜನ ಹೆಂಗಸರು, ಇಬ್ಬರು ಗಂಡಸರು, ನಡುವೆ ಹಣ್ಣಿನ ರಾಶಿ. ತೊಟ್ಟು ತೆಗೆಯುವುದು, ಅರ್ಧಕ್ಕೆ ಸೀಳುವುದು, ಮಾತಾಡುವುದು. ಯಾರ ಮೊಣಕಾಲು, ಯಾರ ಮಗನ ವಿಚ್ಛೇದನ, ಯಾರ ಮನೆ ಮಾರಾಟಕ್ಕಿದೆ. ಮದುವೆಯ ಹಿಂದಿನ ರಾತ್ರಿ ಕಾಯಿಪಲ್ಯೆ ಹೆಚ್ಚುತ್ತ ನಮ್ಮ ಚಿಗವ್ವ, ಅತ್ತೆಯರು ಏನು ಮಾತಾಡುತ್ತಾರೋ ಅದೇ. ಭಾಷೆ ಬೇರೆ, ವಿಷಯ ಒಂದೇ. ದೊಡ್ಡ ಜಗಳವೊಂದಿದೆ, ಅದನ್ನು ಹೇಳದಿದ್ದರೆ ತಪ್ಪಾದೀತು. ಶಾರ್ಟ್‌ಕೇಕಿಗೆ ಕೆಳಗೆ ಉಪ್ಪು ಮುಂದಾದ ಬಿಸ್ಕಿಟಿನಂಥ ಬ್ರೆಡ್ಡು ಇರಬೇಕೋ, ಮೆತ್ತನೆಯ ಸ್ಪಂಜ್ ಕೇಕು ಇರಬೇಕೋ ಎಂಬುದು. ಠಾಕೂರ್ ಪೇಢೆಯೋ ಮಿಶ್ರಾ ಪೇಢೆಯೋ ಅಂತ ಧಾರವಾಡದಲ್ಲಿ ಸಂಬಂಧ ಕೆಡಿಸಿಕೊಂಡವರನ್ನು ನೋಡಿದ ನಾನು ಯಾವ ಪಕ್ಷಕ್ಕೂ ಸೇರಲಿಲ್ಲ.

ಆ ಸಂಜೆ ನಾನು ಏನೂ ತಿನ್ನಲಿಲ್ಲ. ಪಾತ್ರೆ ತೊಳೆದೆ. ಮನೆಗೆ ಬರುವಾಗ ಹುಲ್ಲುಹಾಸಿನ ಮೇಲೆ ಮಿಂಚುಹುಳುಗಳು ಎದ್ದಿದ್ದವು, ಮಕ್ಕಳು ಗಾಜಿನ ಸೀಸೆ ಹಿಡಿದು ಅವುಗಳ ಹಿಂದೆ ಓಡುತ್ತಿದ್ದರು. ಬೆರಳೆಲ್ಲ ಕೆಂಪು, ಎರಡು ದಿನ ಹೋಗಲಿಲ್ಲ.

ಬೇಸಿಗೆಯ ಊಟಗಳಿಗೆ ಇಲ್ಲಿ 'ಕವರ್ಡ್ ಡಿಶ್' ಅನ್ನುತ್ತಾರೆ. ಪ್ರತಿ ಮನೆಯವರೂ ಮುಚ್ಚಿದ ಪಾತ್ರೆಯಲ್ಲಿ ಒಂದೊಂದು ತಿನಿಸು ತರಬೇಕು. ಆಲೂಗಡ್ಡೆ ಸಲಾಡು, ಹಸಿರು ಜೆಲ್ಲಿಯೊಳಗೆ ಸಿಕ್ಕಿಕೊಂಡ ಅನಾನಸು, ಮಸಾಲೆ ಹಳದಿ ತುಂಬಿದ ಮೊಟ್ಟೆ. ಈ ಮೊಟ್ಟೆಗೆ ಇಂಗ್ಲಿಷಿನಲ್ಲಿ ಸೈತಾನನ ಹೆಸರಿದೆ, ಚರ್ಚಿನ ಮೇಜಿನಲ್ಲಿ ಮೊದಲು ಖಾಲಿಯಾಗುವುದೂ ಅದೇ. ಪಾತ್ರೆ ಕಳೆಯಬಾರದೆಂದು ಎಲ್ಲರೂ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ. ನಾನು ಚಿತ್ರಾನ್ನ ಒಯ್ದದ್ದು ಅಜ್ಜಿಯ ಸ್ಟೀಲ್ ಬೋಗುಣಿಯಲ್ಲಿ. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು, ಧಾರವಾಡ, 1971 ಅಂತ ಕೊರೆಸಿದ್ದು. ಅಡುಗೆಮನೆಯ ಯಜಮಾನಿ ಅಜ್ಜಿ ಅದನ್ನು ದೀಪದ ಕೆಳಗೆ ಹಿಡಿದು ಇದೇನು ನಕ್ಷೆ ಅಂತ ಕೇಳಿದರು. ಅಕ್ಷರ, ನನ್ನ ಅಜ್ಜಿಯ ಹೆಸರು ಅಂದೆ. ನಮ್ಮಲ್ಲಿ ಪಾತ್ರೆ ಅಂಗಡಿಯವನೇ ಕೂತು ಕೊರೆದು ಕೊಡುತ್ತಾನೆ, ಮದುವೆಯಲ್ಲಿ ಉಡುಗೊರೆ ಕೊಡುವಾಗ ಕೊಟ್ಟವರ ಹೆಸರೂ ಇರುತ್ತದೆ ಅಂದಾಗ ಅವರು ತಮ್ಮ ಗಾಜಿನ ಪಾತ್ರೆಯ ತಳದ ಟೇಪು ನೋಡಿ, "ನಾವು ಐವತ್ತು ವರ್ಷದಿಂದ ಇದನ್ನು ತಪ್ಪಾಗಿ ಮಾಡುತ್ತಿದ್ದೇವೆ" ಅಂದರು.

ಜುಲೈನಲ್ಲಿ ರಜಾಕಾಲದ ಬೈಬಲ್ ಶಾಲೆ, ವಿಬಿಎಸ್. ಇದು ನನಗೆ ಹೊಸದಲ್ಲ. ಧಾರವಾಡದಲ್ಲಿ ಏಪ್ರಿಲ್-ಮೇ ಉರಿಯಲ್ಲಿ, ಬೇವಿನ ಮರದ ಕೆಳಗೆ ಜಮಖಾನೆ ಹಾಸಿ, ಶರಬತ್ತು ಕುಡಿದು, ಕೈಸನ್ನೆ ಮಾಡುತ್ತ ಹಾಡಿದ್ದು ನಾನೂ. ಇದು ಶುರುವಾದ ಕಥೆ ಮಾತ್ರ ಇಲ್ಲಿ ಬಂದ ಮೇಲೆ ತಿಳಿಯಿತು. 1898ರಲ್ಲಿ ನ್ಯೂಯಾರ್ಕಿನ ಈಸ್ಟ್ ಸೈಡಿನಲ್ಲಿ, ಬೀದಿಯಲ್ಲಿ ಅಲೆಯುವ ಮಕ್ಕಳನ್ನು ನೋಡಲಾರದೆ ಎಲೈಜಾ ಹಾಸ್ ಎಂಬಾಕೆ ಬೇಸಿಗೆ ಶಾಲೆ ತೆರೆದಳು, ಬಾಡಿಗೆಗೆ ಸಿಕ್ಕಿದ್ದು ಬಿಯರ್ ಮಾರುವ ಜಾಗ. ನಮ್ಮ ಧಾರವಾಡದ ಹಿರಿಯರಿಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ.

ಇಲ್ಲಿನ ವಿಬಿಎಸ್‌ಗೆ ಪ್ರತಿ ವರ್ಷ ಒಂದು ವೇಷ. ಒಮ್ಮೆ ಸಮುದ್ರ, ಒಮ್ಮೆ ಕಾಡು, ಒಮ್ಮೆ ಬಾಹ್ಯಾಕಾಶ. ಹಾಡು, ಕಥೆ, ಅಲಂಕಾರ ಎಲ್ಲ ಪ್ರಕಾಶಕರಿಂದ ಪೆಟ್ಟಿಗೆಯಲ್ಲಿ ಬರುತ್ತದೆ. ನಿವೃತ್ತ ಉಕ್ಕಿನ ಕಾರ್ಖಾನೆ ಎಂಜಿನಿಯರ್ ಒಬ್ಬರು ಮೂರು ದಿನ ಕೂತು ರಟ್ಟಿನಲ್ಲಿ ತಿಮಿಂಗಿಲ ಕಟ್ಟಿದರು, ದೊಡ್ಡ ಮೀನು ಯೋನನನ್ನು ನುಂಗಿದ ಬೈಬಲ್ ಕಥೆಗೆ. ಮಗು ಒಳಗೆ ಹೊಕ್ಕು ಹೊರಬರಬಹುದಾದಷ್ಟು ದೊಡ್ಡದು. ನಮ್ಮ ಸಭೆಯ ಮಕ್ಕಳು ಹನ್ನೊಂದೇ, ಆದ್ದರಿಂದ ಪಕ್ಕದ ಮೆಥಡಿಸ್ಟ್, ಲೂಥರನ್ ಚರ್ಚಿನವರೂ ಸೇರಿ ನಡೆಸುತ್ತಾರೆ. ಯಾವ ಚರ್ಚಿಗೂ ಸೇರದ ನಮ್ಮ ಬೀದಿಯ ಮಕ್ಕಳೂ ಬರುತ್ತಾರೆ, ಅಪ್ಪ-ಅಮ್ಮನಿಗೆ ಬೆಳಗಿನ ಮೂರು ಗಂಟೆ ಬಿಡುವು.

ನಾನು ತಿಂಡಿಯ ಮೇಜಿಗೆ ಶೇಂಗಾ ಉಂಡೆ ಕಟ್ಟಿಕೊಂಡು ಹೋದೆ. ಬಾಗಿಲಲ್ಲೇ ತಡೆದರು. ಶೇಂಗಾ ಎಂದರೆ ಕೆಲವು ಮಕ್ಕಳಿಗೆ ಪ್ರಾಣಕ್ಕೇ ಅಪಾಯ, ಕಟ್ಟಡದೊಳಗೆ ತರುವಂತಿಲ್ಲ. ಮೊದಲೇ ಕೊಟ್ಟ ಹಾಳೆಯಲ್ಲಿ ಅದು ಬರೆದಿತ್ತು, ನಾನು ಓದಿರಲಿಲ್ಲ. ಅರವತ್ತು ಉಂಡೆ ಕಾರಿನ ಡಿಕ್ಕಿಯಲ್ಲಿ ವಾರವಿಡೀ ತಿರುಗಿದವು. ಚಟ್ನಿಪುಡಿಯಿಂದ ಹೋಳಿಗೆಯವರೆಗೆ ಶೇಂಗಾದ ಮೇಲೇ ನಿಂತ ಅಡುಗೆ ನಮ್ಮದು, ಅದನ್ನು ತೆಗೆದರೆ ನನಗೆ ಏನು ಮಾಡಲಿಕ್ಕೆ ಬರುತ್ತದೆ ಅಂತ ನಿಜಕ್ಕೂ ಯೋಚನೆಯಾಯಿತು.

ಅದೇ ಬೀದಿಯಲ್ಲಿರುವ ನನ್ನ ಹುಬ್ಬಳ್ಳಿಯ ಗೆಳತಿ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ತಪ್ಪದೆ ಹೋಗುವವಳು. ಮಗನನ್ನು ಕಳಿಸುವ ಮೊದಲು, "ಮತಾಂತರ ಗಿತಾಂತರ ಏನಿಲ್ಲ ಹೌದಿಲ್ಲೋ?" ಅಂತ ನಗುತ್ತಲೇ ಕೇಳಿದಳು. ಅರ್ಧ ತಮಾಷೆ, ಅರ್ಧ ನಿಜ. ನಾನೂ ನಿಜವನ್ನೇ ಹೇಳಿದೆ. "ಯೇಸುವಿನ ಕಥಿ ಇರ್ತಾವ, ಹಾಡ ಇರ್ತಾವ, ಅದನ್ನೇನು ಮುಚ್ಚಿಡಂಗಿಲ್ಲ. ನಿನಗ ಬ್ಯಾಡ ಅನಸಿದ್ರ ಕಳಸಬ್ಯಾಡ." ಕಳಿಸಿದಳು. ಹುಡುಗ ತಿಮಿಂಗಿಲದೊಳಗಿಂದ ಹೊರಗೆ ಬರಲು ಒಪ್ಪದೆ ಕೂತದ್ದೊಂದೇ ತೊಂದರೆ.

ಮಕ್ಕಳೊಂದಿಗೆ ಹೇಗೆ ಮಾತಾಡಬೇಕು ಎಂಬ ವಿಷಯ ಬಂದರೆ ಈ ಊರಿನವರು ಫ್ರೆಡ್ ರಾಜರ್ಸ್ ಹೆಸರು ಎತ್ತದೆ ಇರುವುದಿಲ್ಲ. ಉಣ್ಣೆಯ ಸ್ವೆಟರು ತೊಟ್ಟು, ನನ್ನ ನೆರೆಯವನಾಗುತ್ತೀಯಾ ಅಂತ ಟಿವಿಯಲ್ಲಿ ಮಕ್ಕಳನ್ನು ಕೇಳುತ್ತಿದ್ದವರು. ಅವರು ಪ್ರೆಸ್ಬಿಟೇರಿಯನ್ ಬೋಧಕರು. 1963ರಲ್ಲಿ ಇದೇ ಪಿಟ್ಸ್‌ಬರ್ಗಿನಲ್ಲಿ ದೀಕ್ಷೆ ಕೊಟ್ಟಾಗ ಅವರಿಗೆ ಯಾವ ಸಭೆಯನ್ನೂ ಒಪ್ಪಿಸಲಿಲ್ಲ, ಟಿವಿಯ ಮೂಲಕ ಮಕ್ಕಳ ಸೇವೆ ಮಾಡು ಅಂದರಂತೆ. ಸಮಿತಿಯವರು ಕೂಡ ಕೆಲವೊಮ್ಮೆ ಒಳ್ಳೆಯ ತೀರ್ಮಾನ ಮಾಡುತ್ತಾರೆ.

ಹೈಸ್ಕೂಲು ಹುಡುಗರು ಒಂದು ವಾರ ವೆಸ್ಟ್ ವರ್ಜೀನಿಯಾದ ಗುಡ್ಡಗಾಡಿಗೆ ಹೋಗಿ ವಯಸ್ಸಾದವರ ಮನೆಯ ಮೆಟ್ಟಿಲು, ಮಾಡು ರಿಪೇರಿ ಮಾಡಿ ಬರುತ್ತಾರೆ. ಬೋಧಕರು ಜುಲೈನಲ್ಲಿ ರಜೆ ಹಾಕಿದಾಗ ಹಿರಿಯರೇ ಪ್ರಸಂಗ ಮಾಡುತ್ತಾರೆ. ಅದು ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ.

ಆಗಸ್ಟಿನಲ್ಲಿ ಒಂದು ಭಾನುವಾರ ಆರಾಧನೆ ಉದ್ಯಾನದಲ್ಲಿ, ಮಾಡು ಮಾತ್ರ ಇರುವ ಮಂಟಪದಲ್ಲಿ. ಹಾಡಿನ ಹಾಳೆ ಹಾರದಂತೆ ಕಲ್ಲು ಇಟ್ಟಿರುತ್ತಾರೆ, ನಾಯಿಗಳೂ ಬರುತ್ತವೆ. ಒಳಗೆ ಕೂರುವಾಗ ನಮ್ಮ ಚರ್ಚು ತುಂಬ ದೊಡ್ಡದು ಅನ್ನಿಸುತ್ತದೆ. ಐನೂರು ಜನಕ್ಕೆ ಕಟ್ಟಿದ ಕಟ್ಟಡ, ಬರುವವರು ಎಪ್ಪತ್ತು, ಹೆಚ್ಚಿನವರ ತಲೆ ಬೆಳ್ಳಗೆ. ಈ ಪಂಗಡದ ಎರಡು ದೊಡ್ಡ ಶಾಖೆಗಳು 1983ರಲ್ಲಿ ಒಂದಾದಾಗ ಸದಸ್ಯರು 30 ಲಕ್ಷಕ್ಕೂ ಹೆಚ್ಚು, 2023ರ ಹೊತ್ತಿಗೆ 11 ಲಕ್ಷದ ಆಸುಪಾಸು. ಸುತ್ತಲಿನ ಎಷ್ಟೋ ಚರ್ಚು ಕಟ್ಟಡಗಳು ಮಾರಾಟವಾಗಿವೆ. ಸೆಷನ್ನಿನಲ್ಲಿ ಪ್ರತಿ ಬೇಸಿಗೆಗೂ ಮಾಡಿನ ರಿಪೇರಿ ಚರ್ಚೆ, ಪ್ರತಿ ಬೇಸಿಗೆಗೂ ಮುಂದೂಡಿಕೆ. ಉದ್ಯಾನದ ಮಂಟಪದಲ್ಲಿ ಮಾತ್ರ ಎಪ್ಪತ್ತು ಜನ ಅಂದರೆ ಕಿಕ್ಕಿರಿದ ಹಾಗೆ. ಬಯಲಲ್ಲಿ ಇವರು ಜೋರಾಗಿ ಹಾಡುತ್ತಾರೆ ಎಂಬುದನ್ನೂ ಗಮನಿಸಿದ್ದೇನೆ. ರಜೆಯಲ್ಲಿರುವ ಗಾಯನಮಂಡಳಿಯವರೂ ಅಲ್ಲೇ, ಬಿಸಿಲು ಟೊಪ್ಪಿಗೆ ಹಾಕಿಕೊಂಡು ಜನರ ನಡುವೆ ಕೂತಿರುತ್ತಾರೆ.

ಅದೇ ತಿಂಗಳು ಝುಕಿನಿಯ ಕಾಟ. ನೋಡಲು ಸೌತೆಕಾಯಿ, ಬೇಯಿಸಿದರೆ ಹೀರೇಕಾಯಿ. ಎರಡು ಗಿಡ ಹಾಕಿದರೂ ಬೀದಿಗೆಲ್ಲ ಹಂಚುವಷ್ಟು ಬರುತ್ತದೆ. ಚರ್ಚಿನ ಬಾಗಿಲಲ್ಲಿ ಬುಟ್ಟಿಗಟ್ಟಲೆ ಇಟ್ಟು, ದಯವಿಟ್ಟು ಒಯ್ಯಿರಿ ಅಂತ ಬರೆದಿರುತ್ತಾರೆ. ಬಡವರಿಗೆ ಆಹಾರ ಹಂಚುವ ಪಡಿತರ ಕೋಣೆಗೆ ಕೊಟ್ಟು ಮಿಕ್ಕಿದ್ದು, ಅಲ್ಲಿಯೂ ಅವರು ಸಾಕು ಅಂದದ್ದು. ನಾನು ತುರಿದು, ಜೋಳದ ಹಿಟ್ಟು, ಉಳ್ಳಾಗಡ್ಡಿ, ಅಜವಾನ ಹಾಕಿ ತಾಲಿಪಟ್ಟಿ ತಟ್ಟಿದೆ. ಶೇಂಗಾ ಇಲ್ಲ. ಆ ವರ್ಷದಿಂದ ಆ ಬುಟ್ಟಿಗಳು ನೇರ ನನ್ನ ಮನೆ ಬಾಗಿಲಿಗೆ ಬರುತ್ತಿವೆ.

ಕಳೆದ ಸೆಪ್ಟೆಂಬರಿನಲ್ಲಿ ಗಾಯನಮಂಡಳಿ ಮರಳಿ ಬೆಂಚಿಗೆ ಬಂತು. ಆವತ್ತೇ ಅಜ್ಜಿಯ ಬೋಗುಣಿ ಮನೆಯಲ್ಲಿಲ್ಲ ಅನ್ನುವುದು ನೆನಪಾಯಿತು. ಚರ್ಚಿನ ಅಡುಗೆಮನೆಯಲ್ಲಿ ಹುಡುಕಿದೆ. ಮೇಜಿನ ಮೇಲೆ, ಮರೆತುಹೋದ ಪಾತ್ರೆಗಳನ್ನು ಸಾಲಾಗಿ ಇಡುವ ಜಾಗದಲ್ಲಿ ಇರಲಿಲ್ಲ. ಕಪಾಟು ತೆರೆದರೆ ಅಲ್ಲಿತ್ತು, ಚರ್ಚಿನ ಸ್ವಂತ ಪಾತ್ರೆಗಳ ನಡುವೆ, ಅವುಗಳ ಗಾತ್ರಕ್ಕೆ ತಕ್ಕಂತೆ ಮೂರನೆಯದಾಗಿ. ಒಳಗೆ ಯಾರೋ ಸ್ಟ್ರಾಬೆರಿ ಬಿಡಿಸುವ ಸಣ್ಣ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಕಪಾಟು ಮುಚ್ಚಿ ಬಂದೆ.

"ಬೋಗುಣಿ ಸಿಕ್ತೇನು?" ಅಂತ ಅವ್ವ ಕೇಳಿದಳು.

"ಐತಿ" ಅಂದೆ.