ಏಳು ದೇಶ ಬೇಡ, ಎರಡು ಊರು ಸಾಕು

"ಹತ್ತು ದಿನಕ್ಕೆ ಯುರೋಪಿನ ಏಳು ದೇಶ ತೋರಿಸ್ತಾರಂತೆ ಕಣೋ, ಹೋಗಬಹುದಾ?" ಚಿಕ್ಕಮಗಳೂರಿನಿಂದ ದೊಡ್ಡಮ್ಮ ಫೋನ್ ಮಾಡಿ ಕೇಳಿದರು. ಹಾಸನದ ಕಡೆಯ ನೆಂಟರೂ ಇದನ್ನೇ ಕೇಳುತ್ತಿರುತ್ತಾರೆ. ರೋಮಿನಲ್ಲಿರುವ ನನ್ನ ಕಣ್ಣಿಗೆ ಇಂಥ ಟೂರ್ ಗುಂಪುಗಳು ದಿನಾ ಬೀಳುತ್ತವೆ. ಹೋಗಿ, ಖಂಡಿತ ಹೋಗಿ. ಆದರೆ ದೇಶ ಎಷ್ಟು ಅಂತ ಕೇಳಬೇಡಿ. ದಿನಕ್ಕೆ ಎಷ್ಟು ನಡೆಯಬೇಕು, ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಸಲ ಸೂಟ್‌ಕೇಸ್ ಕಟ್ಟಬೇಕು, ಅದನ್ನು ಕೇಳಿ.

ಬಸ್ಸಿನಲ್ಲೇ ಊರು ತೋರಿಸ್ತಾರೆ ಅಂದುಕೊಂಡರೆ ಕಷ್ಟ. ರೋಮ್, ಫ್ಲಾರೆನ್ಸ್‌ನಂಥ ಊರುಗಳ ಹಳೇ ಭಾಗಕ್ಕೆ ಟೂರ್ ಬಸ್ಸುಗಳನ್ನು ಸಲೀಸಾಗಿ ಬಿಡುವುದಿಲ್ಲ. ದೂರದಲ್ಲಿ ಇಳಿಸುತ್ತಾರೆ, ಅಲ್ಲಿಂದ ಕಾಲ್ನಡಿಗೆ. ರೋಮಿನ ಹಳೇ ಬೀದಿಗಳಿಗೆ ಹಾಕಿರುವುದು ಸಣ್ಣ ಸಣ್ಣ ಕಪ್ಪು ಕಲ್ಲು, ಒಂದು ಮೇಲೆ, ಒಂದು ಕೆಳಗೆ. ಮಳೆ ಬಂದರೆ ಜಾರುತ್ತವೆ. ಪ್ರಯಾಣಕ್ಕೆಂದೇ ಹೊಸ ಶೂ ಕೊಂಡಿದ್ದರೆ ಒಂದು ತಿಂಗಳು ಊರಲ್ಲೇ ಹಾಕಿಕೊಂಡು ಓಡಾಡಿ.

ವ್ಯಾಟಿಕನ್ ಮ್ಯೂಸಿಯಂ ವಿಷಯವನ್ನಂತೂ ಬಿಡಿಸಿ ಹೇಳಲೇಬೇಕು. ಅಲ್ಲಿನ ಹಾದಿ ಒಟ್ಟು ಸುಮಾರು 7 ಕಿಲೋಮೀಟರ್. ಟೂರಿನವರು ಅಷ್ಟೂ ತೋರಿಸುವುದಿಲ್ಲ. ಆದರೂ ಸಿಸ್ಟೈನ್ ಚಾಪೆಲ್ ಅನ್ನುವ ಪ್ರಾರ್ಥನಾ ಮಂದಿರ ಮುಟ್ಟುವಷ್ಟರಲ್ಲಿ ಕಾಲು ಸೋತಿರುತ್ತದೆ, ದಾರಿಯಲ್ಲಿ ಕೂರಲು ಜಾಗ ಕಡಿಮೆ, ಜನವೋ ಜನ. ಚಾಪೆಲ್ ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಗೈಡ್ ಹೊರಗೇ ಎಲ್ಲ ಹೇಳಿ ಒಳಗೆ ಕಳಿಸುತ್ತಾರೆ, ಅದನ್ನು ಗಮನವಿಟ್ಟು ಕೇಳಿ. ಮೈಕೆಲೇಂಜೆಲೊ 1508ರಿಂದ 1512ರವರೆಗೆ ಬರೆದ ಚಿತ್ರಗಳು ಚಾವಣಿಯಲ್ಲಿವೆ. ಕತ್ತು ನೋವಿರುವವರು ಗೋಡೆ ಪಕ್ಕದ ಬೆಂಚು ಖಾಲಿಯಾಗುವುದನ್ನೇ ಕಾಯಿರಿ, ಕೂತು ಗೋಡೆಗೆ ಒರಗಿ ನೋಡಿ. ಭುಜ, ಮಂಡಿ ಮುಚ್ಚಿರಬೇಕು. ಸೀರೆಗೆ ತೊಂದರೆಯಿಲ್ಲ, ಚಡ್ಡಿ ಹಾಕಿಕೊಂಡು ಬಂದ ಯಜಮಾನರಿಗೆ ಬಾಗಿಲಲ್ಲೇ ತಡೆ. ಪಕ್ಕದ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟಕ್ಕೆ 551 ಮೆಟ್ಟಿಲು, ಲಿಫ್ಟ್ ಹತ್ತಿದರೂ ಕೊನೆಗೆ 320 ಉಳಿಯುತ್ತವೆ. ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ಸುಸ್ತಾದರೆ ಮೆಟ್ಟಿಲ ಮೇಲೇ ಕೂರಬಹುದು, ಡೋಲಿಯೂ ಸಿಗುತ್ತದೆ. ಇಲ್ಲಿ ದಾರಿ ಇಕ್ಕಟ್ಟು, ಹಿಂದೆ ಜನ ತಳ್ಳುತ್ತಿರುತ್ತಾರೆ. ಗುಮ್ಮಟ ಹತ್ತದಿದ್ದರೂ ನಷ್ಟವೇನಿಲ್ಲ ಅಂತ ನನ್ನ ಅಭಿಪ್ರಾಯ.

ದುಡ್ಡು ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಒಂದು ದಿನ ಬೇಲೂರಿಗೆ ಹೋಗಿ, ಗೈಡ್ ಹಿಡಿದು, ಎಲ್ಲೂ ಕೂರದೆ ಎರಡು ಗಂಟೆ ದೇವಸ್ಥಾನ ನೋಡಿ. ಮಾರನೇ ದಿನ ಹಳೇಬೀಡಿನಲ್ಲಿ ಹಾಗೇ ಮಾಡಿ. ಮೂರನೇ ದಿನ ಬೆಳಿಗ್ಗೆ ಎದ್ದು ಹೊರಡುವ ಹುರುಪಿದ್ದರೆ ಸರಿ. ಮಂಡಿ ಬೇಡ ಅಂದರೆ, ಒಂದೊಂದು ಊರಲ್ಲಿ ಮೂರು ರಾತ್ರಿ ಉಳಿಸುವ ಪ್ಯಾಕೇಜ್ ಹುಡುಕಿ.

ಜೊತೆಯಲ್ಲಿ ಬರುವ ಟೂರ್ ಮ್ಯಾನೇಜರ್ ಬೇರೆ, ಸ್ಥಳೀಯ ಗೈಡ್ ಬೇರೆ. ಇಟಲಿಯಲ್ಲಿ ಗೈಡ್ ಕೆಲಸಕ್ಕೆ ಲೈಸೆನ್ಸ್ ಬೇಕು. ಆ ಗೈಡ್ ಫೀಸು ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. ಗೈಡ್ ಮಾತು ಕೇಳಿಸಲು ಕಿವಿಗೆ ಸಣ್ಣ ಇಯರ್‌ಫೋನ್ ಕೊಡುತ್ತಾರೆ. ಶ್ರವಣಯಂತ್ರ ಹಾಕುವವರಿಗೆ ಅದು ಕೂರುವುದಿಲ್ಲ, ಕಿವಿಯ ಮೇಲೆ ಹಾಕುವ ಹೆಡ್‌ಫೋನ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಇನ್ನು ಬಸ್ ಡ್ರೈವರ್ ಸಮಯಕ್ಕೆ ಸರಿಯಾಗಿ ಹೊರಟರೆ ಬೈಯಬೇಡಿ. ಇಲ್ಲಿ ಅವರ ಹೊತ್ತಿಗೆ ಕಾನೂನಿನ ಲೆಕ್ಕವಿದೆ, ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಆ ಬಿಡುವೇ ನಮಗೂ ಶೌಚಾಲಯದ ಸಮಯ. ಅದಕ್ಕೆ ಅರ್ಧ, ಒಂದು ಯೂರೋ ಚಿಲ್ಲರೆ ಜೇಬಿನಲ್ಲಿರಲಿ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಿಗುವ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಆರೋಗ್ಯ ವಿಮೆ ಬೇಕೇ ಬೇಕು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮೊದಲಿನಿಂದ ಇರುವ ಕಾಯಿಲೆಗೆ ಎಷ್ಟು ಕೊಡುತ್ತಾರೆ ಅನ್ನುವ ಸಾಲು ಪಾಲಿಸಿಯಲ್ಲಿ ಎಲ್ಲಿದೆ ಅಂತ ಏಜೆಂಟ್ ಕೈಲೇ ತೋರಿಸಿಕೊಳ್ಳಿ. ಮಾತ್ರೆಗಳನ್ನು ಅಂಗಡಿಯ ಪ್ಯಾಕೆಟ್ಟಿನಲ್ಲೇ, ಡಾಕ್ಟರ್ ಚೀಟಿಯ ಜೊತೆ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಇನ್ಸುಲಿನ್ ಕೂಡ ಕೈಚೀಲದಲ್ಲೇ. ಅದು ದೊಡ್ಡ ಲಗೇಜಿನಲ್ಲಿ ಹೋದರೆ ಹೆಪ್ಪುಗಟ್ಟಿ ಹಾಳಾಗಬಹುದು. ಇಲ್ಲಿಯ ಬೇಸಿಗೆಯಲ್ಲಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಸಕ್ಕರೆ ಮಾತ್ರೆ ಯಾವ ಹೊತ್ತಿಗೆ ಅಂತ ಡಾಕ್ಟರನ್ನು ಕೇಳಿ ಬರೆಸಿಕೊಂಡು ಬನ್ನಿ. ವಿಮಾನ ನಿಲ್ದಾಣದ ವೀಲ್‌ಚೇರ್ ಕೇಳಲು ನಾಚಿಕೆ ಬೇಡ. ಎರಡು ದಿನ ಮೊದಲೇ ವಿಮಾನ ಕಂಪನಿಗೆ ತಿಳಿಸಿದರೆ ಸಾಕು.

ಟೂರ್ ಹಣದ ಮೇಲೆ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ. ರಿಟರ್ನ್ಸ್ ಹಾಕುವಾಗ ಅದನ್ನು ತೆರಿಗೆಗೆ ವಜಾ ಮಾಡಿಸಿಕೊಳ್ಳಬಹುದು, ಹೆಚ್ಚಿದ್ದರೆ ವಾಪಸ್ ಬರುತ್ತದೆ.

ತಿಂಡಿಗೆ ಅವಲಕ್ಕಿ, ಚಟ್ನಿಪುಡಿ ತನ್ನಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥಕ್ಕೆ ಯುರೋಪಿನಲ್ಲಿ ಪ್ರವೇಶವಿಲ್ಲ. ಹಸಿ ಕರಿಬೇವೂ ಬೇಡ. ತೆಂಗಿನಕಾಯಿ ತರಬಹುದಂತೆ, ಅರಸೀಕೆರೆಯವರು ಗಮನಿಸಿ! ನೀರಿನ ಬಾಟಲಿಗೆ ದುಡ್ಡು ಹಾಕಬೇಡಿ. ರೋಮಿನ ಬೀದಿಬೀದಿಯಲ್ಲಿ ನಾಸೋನಿ ಅನ್ನುವ ಕಬ್ಬಿಣದ ನಲ್ಲಿಗಳಿವೆ, ಸದಾ ಹರಿಯುತ್ತವೆ, ಕುಡಿಯಲು ಒಳ್ಳೇ ನೀರು. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೇ ಕುಡಿಯಬಹುದು.

ಜುಲೈ, ಆಗಸ್ಟ್ ಬೇಡವೇ ಬೇಡ. ಬಡವರ ಊಟಿ ಅನ್ನುವ ಹಾಸನದಿಂದ ಬಂದವರಿಗೆ ಇಲ್ಲಿನ 35 ಡಿಗ್ರಿ ಬಿಸಿಲು ತಡೆಯುವುದಿಲ್ಲ. ತೋಟದವರಿಗೆ ಅಕ್ಟೋಬರ್ ಒಳ್ಳೆಯದು, ಅರೇಬಿಕಾ ಕೊಯ್ಲು ಜೋರಾಗುವಷ್ಟರಲ್ಲಿ ವಾಪಸ್ ಬರಬಹುದು. ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಬಿಡುತ್ತಾರೆ. ಬೆರಳಚ್ಚು ಕೊಡಲು ಹೇಗೂ ಬೆಂಗಳೂರಿಗೆ ಹೋಗಬೇಕು, ಆದ್ದರಿಂದ ಏಪ್ರಿಲ್‌ನಲ್ಲೇ ಕಾಗದಪತ್ರ ಜೋಡಿಸಲು ಶುರು ಮಾಡಿ.