ಹ್ಯಾಂಬರ್ಗ್‌ನಿಂದ ವೆರೋನಾಗೆ: ರಾತ್ರಿ ರೈಲು, ಬ್ರೆನ್ನರ್ ಘಾಟಿ, ರೈಲೇರಿದ ಲಾರಿಗಳು

ರೈಲು ಹೊರಡಲು ಇನ್ನೂ ಏಳು ನಿಮಿಷ ಇತ್ತು. ನಾನು, ಹೆಂಡತಿ, ಅತ್ತೆ ಮೂವರೂ ಸೂಟ್‌ಕೇಸ್ ಎಳೆದುಕೊಂಡು ಹತ್ತಿಯಾಗಿತ್ತು. ಬೋಗಿಯ ಅಟೆಂಡೆಂಟ್ ನನ್ನ ಮೊಬೈಲಿನಲ್ಲಿದ್ದ ಟಿಕೆಟ್ ನೋಡಿದ, ತಲೆಯಾಡಿಸಿದ, ಬಾಗಿಲ ಪಕ್ಕದ ಬೋರ್ಡ್ ತೋರಿಸಿ "ವೀನ್, ವೀನ್" ಅಂದ. ಜರ್ಮನ್ನರ ಬಾಯಲ್ಲಿ ವಿಯೆನ್ನಾ ಅಂದ್ರೆ ವೀನ್. ನಾವು ಹೋಗಬೇಕಿದ್ದದ್ದು ಆಸ್ಟ್ರಿಯಾದ್ದೇ ಇನ್ನೊಂದು ಊರಾದ ಇನ್ಸ್‌ಬ್ರುಕ್‌ಗೆ.

ರೈಲು ತಪ್ಪಿರಲಿಲ್ಲ, ರೈಲಿನ ಅರ್ಧ ತಪ್ಪಿತ್ತು. ಹ್ಯಾಂಬರ್ಗ್‌ನಿಂದ ಒಟ್ಟಿಗೆ ಹೊರಡುವ ಈ ರಾತ್ರಿ ರೈಲು ನ್ಯೂರೆಂಬರ್ಗ್‌ನಲ್ಲಿ, ನಾವೆಲ್ಲ ನಿದ್ದೆಯಲ್ಲಿರುವಾಗ, ಎರಡಾಗುತ್ತದೆ. ಒಂದು ಭಾಗ ವಿಯೆನ್ನಾಗೆ, ಇನ್ನೊಂದು ಇನ್ಸ್‌ಬ್ರುಕ್‌ಗೆ. ಹಿಂದೆ ಬೆಂಗಳೂರಿನ ಕಾರವಾರ–ಕಣ್ಣೂರು ರೈಲನ್ನು ಮಂಗಳೂರಿನಲ್ಲಿ ಒಡೆಯುತ್ತಿದ್ದರಲ್ಲ, ಹಾಗೆಯೇ. ಒಳಗಿಂದ ಆ ಕಡೆ ದಾಟಲು ದಾರಿ ಇರಲಿಲ್ಲ. ಇಳಿದು ಪ್ಲಾಟ್‌ಫಾರ್ಮ್ ಮೇಲೆ ಓಡಿದೆವು. ಅತ್ತೆ ಮೊಣಕಾಲು ಹಿಡಿದುಕೊಂಡೇ ಓಡಿದರು. ತಪ್ಪು ನನ್ನದೇ. ಟಿಕೆಟ್‌ನಲ್ಲಿ ಬೋಗಿ ಸಂಖ್ಯೆ ಇತ್ತು, ನಾನು ನೋಡಿದ್ದು ಸಮಯ ಮಾತ್ರ. ನೀವು ಹೋಗುವಾಗ ಬೋಗಿ ಸಂಖ್ಯೆ ಬಾಯಿಪಾಠ ಮಾಡಿಕೊಳ್ಳಿ. ಪ್ಲಾಟ್‌ಫಾರ್ಮ್‌ನಲ್ಲಿ ಎ, ಬಿ, ಸಿ ಅಂತ ಅಕ್ಷರಗಳಿರುತ್ತವೆ, ಯಾವ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತೆ ಅಂತ ಪರದೆಯಲ್ಲಿ ತೋರಿಸುತ್ತಾರೆ. ಅಲ್ಲೇ ಹೋಗಿ ನಿಂತುಬಿಡಿ.

ಇದು 2024ರ ಮೇ ತಿಂಗಳ ಮಾತು. ಭಾವಮೈದ ಹ್ಯಾಂಬರ್ಗ್‌ನಲ್ಲಿದ್ದಾನೆ. ಅವನ ಮನೆಯಲ್ಲಿ ಹತ್ತು ದಿನ ಕಳೆದು, ಇಟಲಿಗೆ ವಿಮಾನ ಬೇಡ, ರೈಲಲ್ಲೇ ಹೋಗೋಣ ಅಂತ ಹೊರಟೆವು. ರೈಲಿನ ಹೆಸರು ನೈಟ್‌ಜೆಟ್. ಓಡಿಸುವುದು ಆಸ್ಟ್ರಿಯಾದ ಸರ್ಕಾರಿ ರೈಲು ಕಂಪನಿ ಓಬಿಬಿ. 2016ರ ಕೊನೆಗೆ ಜರ್ಮನಿಯ ರೈಲ್ವೆ ತನ್ನ ಮಲಗುವ ಬೋಗಿಗಳನ್ನು ನಿಲ್ಲಿಸಿದಾಗ, ಕೆಲವು ಮಾರ್ಗಗಳನ್ನು ಓಬಿಬಿ ವಹಿಸಿಕೊಂಡಿತು. ಹಾಗಾಗಿ ಜರ್ಮನಿಯೊಳಗೆ ರಾತ್ರಿಯೆಲ್ಲ ಓಡುವ ರೈಲು ಆಸ್ಟ್ರಿಯಾದವರದ್ದು.

ಟಿಕೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂರು ತರಹ ಇದೆ. ಸುಮ್ನೆ ಕುರ್ಚಿ ಸೀಟು. ಮಲಗಲು ಹಲಗೆ ಇರುವ ಕುಶೆಟ್, ಅಂದ್ರೆ ನಮ್ಮ ಸ್ಲೀಪರ್ ತರಹ. ಆಮೇಲೆ ಹಾಸಿಗೆ ಇರುವ ಸ್ಲೀಪಿಂಗ್ ಕಾರ್. ಕುರ್ಚಿ ಸೀಟಿನಲ್ಲಿ ಹನ್ನೆರಡು ಗಂಟೆ ಕೂರುವ ಸಾಹಸ ಹಿರಿಯರ ಜೊತೆ ಬೇಡವೇ ಬೇಡ. ಈ ಮಾರ್ಗದಲ್ಲಿ 2023ರ ಡಿಸೆಂಬರ್‌ನಿಂದ ಹೊಸ ಬೋಗಿಗಳು ಓಡುತ್ತಿವೆ. ಅವುಗಳ ಸ್ಲೀಪಿಂಗ್ ಕಾರಿನ ಪ್ರತಿ ಕೋಣೆಗೂ ಸ್ವಂತ ಟಾಯ್ಲೆಟ್, ಶವರ್ ಇದೆ, ಆದರೆ ದುಬಾರಿ. ಒಬ್ಬರೇ ಹೋಗುವವರಿಗೆ ಮಿನಿ ಕ್ಯಾಬಿನ್ ಇದೆ. ಗೂಡಿನಂಥ ಜಾಗ, ಒಳಗೆ ಹೋಗಿ ಮುಚ್ಚಿಕೊಂಡು ಮಲಗಬಹುದು. ನನಗಂತೂ ಅದನ್ನು ನೋಡಿದ ಕೂಡಲೇ ಪಾರಿವಾಳದ ಗೂಡು ನೆನಪಾಯಿತು. ಕಾಲು ಉದ್ದ ಇರುವವರು ಯೋಚನೆ ಮಾಡಿ.

ನಾವು ತೆಗೆದುಕೊಂಡದ್ದು ನಾಲ್ಕು ಜನರ ಕುಶೆಟ್. ದಿಂಬು, ಹಾಸು, ಹೊದಿಕೆ ಅವರೇ ಕೊಡುತ್ತಾರೆ. ನಾಲ್ಕನೆಯವನು ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡಿದ್ದ ಒಬ್ಬ ಹುಡುಗ, ಪಾಪ, ಹಲೋ ಅಂದು ಮೇಲೆ ಹತ್ತಿದವನು ಬೆಳಗ್ಗೆಯೇ ಇಳಿದದ್ದು. ಹೆಂಗಸರಷ್ಟೇ ಹೋಗುವುದಾದರೆ ಮಹಿಳೆಯರ ಕೋಣೆ ಕೇಳಬಹುದು. ಮಂಡಿ ನೋವಿದ್ದರೆ ಬುಕ್ ಮಾಡುವಾಗಲೇ ಕೆಳಗಿನ ಬರ್ತ್ ಆರಿಸಿ. ಏಣಿ ಕಿರಿದು, ನೆಟ್ಟಗಿದೆ. ಅತಿ ಅಗ್ಗದ ಟಿಕೆಟ್ ರದ್ದು ಮಾಡಿದರೆ ಹಣ ವಾಪಸ್ ಬರಲ್ಲ, ಆದ್ದರಿಂದ ವೀಸಾ ಕೈಗೆ ಬಂದ ಮೇಲೆ ಕೊಳ್ಳಿ. ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಯೂರೇಲ್ ಥರದ ಪಾಸ್ ಇದ್ದರೂ ಬರ್ತ್‌ಗೆ ಬೇರೆ ದುಡ್ಡು ಕೊಡಬೇಕು.

ಊಟದ ಡಬ್ಬಿ ನಿಮ್ಮದೇ ಇರಲಿ, ರೈಲಿನಲ್ಲಿ ಊಟದ ಬೋಗಿ ಇಲ್ಲ. ಭಾವಮೈದನ ಹೆಂಡತಿ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ ನಮ್ಮನ್ನು ಕಾಪಾಡಿತು. ಬೆಳಗ್ಗೆ ಟಿಕೆಟ್ ದರದಲ್ಲೇ ಸೇರಿದ ತಿಂಡಿ ಬರುತ್ತದೆ: ಎರಡು ಗುಂಡು ಬ್ರೆಡ್, ಬೆಣ್ಣೆ, ಜಾಮ್, ಕಾಫಿ ಅಥವಾ ಟೀ. ಅತ್ತೆ ಕಾಫಿಯನ್ನು ಒಂದು ಗುಟುಕು ಕುಡಿದು, "ಅಳಿಯಂದ್ರೇ, ಇದಕ್ಕೆ ಡಿಕಾಕ್ಷನ್ ಹಾಕೋದು ಮರೆತಿದ್ದಾರೆ" ಅಂದರು. ಟಾಯ್ಲೆಟ್‌ನಲ್ಲಿ ಕಾಗದ ಮಾತ್ರ. ಖಾಲಿ ಬಾಟಲಿ ಒಂದು ಇಟ್ಟುಕೊಳ್ಳಿ, ಬೇರೆ ಹೇಳಬೇಕಿಲ್ಲ ಅಲ್ವಾ.

ಇನ್ಸ್‌ಬ್ರುಕ್‌ನಲ್ಲಿ ಸ್ಟೇಷನ್ ಲಾಕರ್‌ನಲ್ಲಿ ಸಾಮಾನು ಇಟ್ಟು, ಹಳೇ ಊರು ಸುತ್ತಿ ಬಂದು, ಮಧ್ಯಾಹ್ನ ವೆರೋನಾ ಕಡೆಯ ಯೂರೋಸಿಟಿ, ಅಂದ್ರೆ ದೇಶದಿಂದ ದೇಶಕ್ಕೆ ಓಡುವ ಎಕ್ಸ್‌ಪ್ರೆಸ್ ರೈಲು, ಹತ್ತಿದೆವು. ಸೀಟು ಕಾಯ್ದಿರಿಸಿ, ಕಿಟಕಿಯೇ ಇರಲಿ. ಇಡೀ ಪ್ರಯಾಣದ ಸೊಗಸು ಈ ಮೂರೂವರೆ ಗಂಟೆಯಲ್ಲಿದೆ. 1867ರಲ್ಲಿ ಶುರುವಾದ ದಾರಿ ಇದು. ಇನ್ಸ್‌ಬ್ರುಕ್ ಇರುವುದು ಸುಮಾರು 580 ಮೀಟರ್ ಎತ್ತರದಲ್ಲಿ. ಅಲ್ಲಿಂದ 40 ಕಿಲೋಮೀಟರ್‌ ಒಳಗೇ ರೈಲು ಸುಮಾರು 1,370 ಮೀಟರ್ ಎತ್ತರದ, ಆಸ್ಟ್ರಿಯಾ–ಇಟಲಿ ಗಡಿಯ ಬ್ರೆನ್ನರ್‌ಗೆ ಏರುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಮೀಟರ್‌ಗೆ ಒಂದು ಮೀಟರ್ ಏರು. ಇಲ್ಲಿ ಸುಮಾರು 40ಕ್ಕೆ ಒಂದು. ಕಾಡು ನಮ್ಮದೇ ದಟ್ಟ, ಇಲ್ಲಿಯದು ಹಿಮದ ತುದಿಗಳ ಚೆಂದ.

ಬ್ರೆನ್ನರ್ ಹತ್ತಿರ ಬರುವಾಗ ನಿದ್ದೆ ಮಾಡಬೇಡಿ. ಪಕ್ಕದ ಹಳಿಯ ಮೇಲೆ ಲಾರಿಗಳು ನಿಂತಿದ್ದವು. ಕಂಟೇನರ್ ಅಲ್ಲ, ಟ್ರೈಲರ್, ಡ್ರೈವರ್ ಕ್ಯಾಬಿನ್ ಸಮೇತ ಇಡೀ ಲಾರಿಗಳು, ಸಾಲಾಗಿ ರೈಲಿನ ಮೇಲೆ. ಇದೂ ಓಬಿಬಿಯದೇ ವ್ಯಾಪಾರ. ಸರಕು ಸಾಗಿಸಲು ಅದಕ್ಕೆ ರೇಲ್ ಕಾರ್ಗೋ ಅನ್ನುವ ಪ್ರತ್ಯೇಕ ವಿಭಾಗ ಇದೆ. ಈ ಲಾರಿ ರೈಲಿಗೆ ಜರ್ಮನ್‌ನಲ್ಲಿ 'ಉರುಳುವ ಹೆದ್ದಾರಿ' ಅನ್ನುವ ಅರ್ಥದ ಹೆಸರು. ಲಾರಿ ಎತ್ತರ ಸುರಂಗಕ್ಕೆ ತಾಗಬಾರದಲ್ಲ, ಅದಕ್ಕೆ ವ್ಯಾಗನ್ ನೆಲಕ್ಕೆ ಅಂಟಿದಷ್ಟು ತಗ್ಗು. ಚಕ್ರಗಳು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡವು, ಒಂದು ವ್ಯಾಗನ್‌ಗೆ ಸಾಲು ಸಾಲು. ಡ್ರೈವರ್‌ಗಳಿಗೆ ಬೇರೆ ಬೋಗಿ, ಅಲ್ಲಿ ಅವರು ಕಾಲು ಚಾಚಬಹುದು. ಸುರತ್ಕಲ್‌ನಲ್ಲಿ ಕೊಂಕಣ ರೈಲಿನ ರೋ-ರೋ, ಅಂದ್ರೆ ಲಾರಿ ಹೊರುವ ರೈಲು, ನೋಡಿದವರಿಗೆ ಇದು ಗೊತ್ತಿರುವ ದೃಶ್ಯವೇ. ಆದರೆ ನಮ್ಮಲ್ಲಿ ಡ್ರೈವರ್, ಕ್ಲೀನರ್ ಲಾರಿಯೊಳಗೇ ಕೂತು ಬರುತ್ತಾರೆ. ಕಣಿವೆಯ ಮೇಲಿನ ಹೆದ್ದಾರಿಯಲ್ಲಿ ಲಾರಿಗಳ ಸಾಲು ನೋಡಿದರೆ ಇವನ್ನು ರೈಲಿಗೆ ಏಕೆ ಏರಿಸುತ್ತಾರೆ ಅಂತ ಯಾರೂ ವಿವರಿಸಬೇಕಿಲ್ಲ. ಈಗ ಬೆಟ್ಟದ ಬುಡದಲ್ಲೇ 55 ಕಿಲೋಮೀಟರ್ ಸುರಂಗ ಕೊರೆಯುತ್ತಿದ್ದಾರೆ. ಅದು ಮುಗಿದ ಮೇಲೆ ಬಹಳಷ್ಟು ರೈಲುಗಳು ಕತ್ತಲಲ್ಲೇ ಹೋಗುತ್ತವೆ. ಘಾಟಿ ನೋಡುವ ಆಸೆ ಇದ್ದವರು ಅಷ್ಟರೊಳಗೆ ಹೋಗಿಬನ್ನಿ.

ಬ್ರೆನ್ನರ್‌ನಲ್ಲಿ ರೈಲು ಸುಮಾರು ಹೊತ್ತು ನಿಲ್ಲುತ್ತದೆ. ಗಡಿಯಾಚೆ ರೈಲಿನ ಕರೆಂಟೇ ಬೇರೆ, ಅದಕ್ಕೆ ಹೊಂದಿಕೊಳ್ಳಬೇಕು: ಆಸ್ಟ್ರಿಯಾದ ತಂತಿಯಲ್ಲಿ 15 ಸಾವಿರ ವೋಲ್ಟ್ ಎಸಿ, ಇಟಲಿಯದು 3 ಸಾವಿರ ವೋಲ್ಟ್ ಡಿಸಿ. ಯೂರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಒಂದೇ ಸಾಕು, ಆದರೂ ಪಾಸ್‌ಪೋರ್ಟ್ ಸೂಟ್‌ಕೇಸಿನ ತಳದಲ್ಲಿ ಇಡಬೇಡಿ, ಗಡಿಯಲ್ಲಿ ಪೊಲೀಸರು ಕೇಳುವುದುಂಟು. ಅಲ್ಲಿಂದ ಕೆಳಗೆ ಸ್ಟೇಷನ್ ಬೋರ್ಡ್‌ಗಳಲ್ಲಿ ಎರಡೆರಡು ಹೆಸರು: ಇಟಾಲಿಯನ್‌ನಲ್ಲಿ ಬೊಲ್ಜಾನೊ, ಜರ್ಮನ್‌ನಲ್ಲಿ ಬೋಜನ್. ಮೊದಲ ಮಹಾಯುದ್ಧದವರೆಗೆ ಇದೆಲ್ಲ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು.

ವೆರೋನಾದಿಂದ ವೆನಿಸ್‌ಗೆ ಪ್ಯಾಸೆಂಜರ್ ರೈಲು ಹಿಡಿಯುವವರಿಗೆ ಒಂದು ಮಾತು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಯಂತ್ರಕ್ಕೆ ಕೊಟ್ಟು ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ಈ ಸಲ ನಾನು ಮರೆಯಲಿಲ್ಲ. ಅತ್ತೆ ಯಂತ್ರದ ಪಕ್ಕದಲ್ಲೇ ನಿಂತು, "ಬೋಗಿ ನಂಬರ್ ನೋಡಿದ್ರಾ?" ಅಂದರು. ಆ ರೈಲಿನಲ್ಲಿ ಬೋಗಿ ನಂಬರೇ ಇರಲಿಲ್ಲ.